ಮೆಟ್ಟಿಲ ಮಾತು

ನಮ್ಮ ಮನೆಯಲ್ಲಿ ಆ ನಟನ ಹೆಸರನ್ನು ಯಾರೂ ಹಿಡಿಯುವುದಿಲ್ಲ. ‘ದೊಡ್ಡವ್ರು’ ಅಂದರೆ ಆಯಿತು, ತೊಟ್ಟಿಲ ಕೂಸಿಗೂ ಗೊತ್ತಾಗುತ್ತದೆ. “ಗಂಡನ ಹೆಸರು ಬಾಯಾಗ ತರಬಾರದಂತ ನಾ ಬಿಟ್ಟೀನಿ, ನಿಮ್ಮಪ್ಪ ಆ ಪುಣ್ಯಾತ್ಮನ ಹೆಸರು ಬಿಟ್ಟಾನ. ಈ ಮನ್ಯಾಗ ಯಾರು ಯಾರನ್ನ ಲಗ್ನ ಆಗ್ಯಾರ, ಶಿವಗ ಗೊತ್ತು” ಎಂದು ಅವ್ವ ಅಡಿಗೆ ಮನೆಯಿಂದಲೇ ಕುಟುಕುತ್ತಾಳೆ. ಅಪ್ಪ ಅದಕ್ಕೆಲ್ಲ ಸೊಪ್ಪು ಹಾಕುವವನಲ್ಲ. ದೊಡ್ಡವರ ಸಿನಿಮಾ ಬಂತೆಂದರೆ ಹೊಲ, ಮನೆ, ಮಗಳು, ಮೊಮ್ಮಗಳು ಎಲ್ಲ ಆಮೇಲೆ.

ಆ ದೊಡ್ಡವರಿಗೂ ಈಗ ವಯಸ್ಸಾಗಿದೆ. ಹೊಡೆದಾಟ, ಕುಣಿತ ಬಿಟ್ಟು ಈಚೆಗೆ ಒಂದು ಸಿನಿಮಾ ಮಾಡಿದರು. ಅದರ ತುಂಬ ಬರೀ ಹಾದಿ. ಹೆಂಡತಿಯನ್ನು ಕಳೆದುಕೊಂಡ ಮುದುಕನೊಬ್ಬ, ಆಕೆ ಯಾವುದೋ ಕಾಲಕ್ಕೆ ಗೆಳತಿಯಿಂದ ಕಡ ತಂದಿದ್ದ ಹೊಲಿಗೆ ಮಶೀನನ್ನು ಹಳೆಯ ಕಾರಿನಲ್ಲಿ ಹಾಕಿಕೊಂಡು, ಆ ಗೆಳತಿಯ ಊರು ಹುಡುಕುತ್ತ ನಾಡೆಲ್ಲ ಅಲೆಯುತ್ತಾನೆ. ಕತೆ ಅಷ್ಟೇ. ಅವನು ಅಲೆಯುವ ಹಾದಿಯಲ್ಲಿ ಒಂದು ತುಂಡು ನಮ್ಮ ಆನೆಗೊಂದಿಯಿಂದ ಸಾಣಾಪುರಕ್ಕೆ ಹೋಗುವ ರಸ್ತೆ. ಆ ತುಂಡಿನಲ್ಲಿ ಕಾರು ಓಡಿಸಿದವರು ದೊಡ್ಡವರಲ್ಲ, ನಮ್ಮಪ್ಪ.

ಇದನ್ನು ಯಾರ ಮುಂದೆಯೂ ಹೇಳುವುದಿಲ್ಲ ಎಂದು ಅಪ್ಪ ಅವರ ಕೈ ಹಿಡಿದು ಮಾತು ಕೊಟ್ಟಿದ್ದಾನೆ. ಮಾತು ಕೊಟ್ಟವನು ಅವನು, ನಾನಲ್ಲ. ಆದರೂ ಹೆಸರು ಹಾಕದೆ ಬರೆಯುತ್ತಿದ್ದೇನೆ. ಅಷ್ಟು ಮರ್ಯಾದೆ ನನಗೂ ಇದೆ.

ಶೂಟಿಂಗ್ ನಡೆದದ್ದು ಚಳಿಗಾಲದಲ್ಲಿ, ಎರಡನೇ ಬೆಳೆಯ ನಾಟಿಗೆ ಗದ್ದೆಗಳಲ್ಲಿ ನೀರು ನಿಂತಿದ್ದಾಗ. ಅಪ್ಪ ಮೊದಲು ಗಂಗಾವತಿಯ ಅಕ್ಕಿ ಗಿರಣಿಗಳ ಲಾರಿ ಓಡಿಸುತ್ತಿದ್ದವನು. ಆಮೇಲೆ ಸ್ವಂತ ಜೀಪು ತೆಗೆದುಕೊಂಡ. ಬೆಳಿಗ್ಗೆ ಸಾಯಂಕಾಲ ಊರ ಮಕ್ಕಳನ್ನು ಗಂಗಾವತಿಯ ಶಾಲೆಗೆ ಬಿಟ್ಟು ಕರೆತರುವುದು, ನಡುವೆ ಬೆಟ್ಟ ಕೆರೆ ನೋಡಲು ಬಂದವರನ್ನು ಸುತ್ತಾಡಿಸುವುದು. ಸಿನಿಮಾದವರೂ ಆ ಜೀಪನ್ನೇ ಬಾಡಿಗೆಗೆ ಹಿಡಿದಿದ್ದರು. ದೊಡ್ಡವರಿಗೆ ಮೊಣಕಾಲ ನೋವು, ಕ್ಲಚ್ ತುಳಿಯುವಂತಿಲ್ಲ, ಡಾಕ್ಟರು ಬೇಡ ಅಂದಿದ್ದರಂತೆ. ಅವರ ಬದಲಿಗೆಂದು ಕರೆತಂದಿದ್ದ ಡ್ರೈವರನೋ ತೆಂಗಿನ ಮರದ ಹಾಗೆ ಉದ್ದ. ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ಅಪ್ಪ ಅವರ ಮುಂದಿನಿಂದ ನೀರಿನ ಕ್ಯಾನು ಹಿಡಿದು ಹೋದ. ಅದೇ ಬಾಗಿದ ಭುಜ, ಅದೇ ಬಿಳಿ ಹಿಂದಲೆ. ದೊಡ್ಡವರ ಅಂಗಿ, ಟೋಪಿ, ಕಪ್ಪು ಕನ್ನಡಕ ಹಾಕಿ ನಿಲ್ಲಿಸಿದರೆ ತಾಯಾಣೆ, ಗುರುತು ಸಿಗದು. ದೊಡ್ಡವರೇ ಬಂದು ಎರಡೂ ಕೈ ಹಿಡಿದು, “ಇನ್ನು ನಿಮ್ಮ ಕೈಯೇ ನನ್ನ ಕೈ. ಜನಕ್ಕೆ ಮಾತ್ರ ತಿಳಿಯೋದು ಬೇಡ” ಅಂದರಂತೆ. ಆ ರಾತ್ರಿ ಅಪ್ಪ ಕೈ ತೊಳೆಯದೆ ಉಣ್ಣಲು ಕುಳಿತ. ಅವ್ವ ಬೈದು ಎಬ್ಬಿಸಿದಳು.

ಅದೇ ಸಿನಿಮಾದಲ್ಲಿ ನಾನೂ ಇದ್ದೇನೆ. ನಾನು ಬಾಳೆ ನಾರಿನ ಚೀಲ, ಚಾಪೆ ಹೆಣೆಯುವವಳು. ರಸ್ತೆ ಬದಿಗೆ ಹಳ್ಳಿಯ ಹೆಂಗಸೊಬ್ಬಳು ತಲೆಯ ಮೇಲೆ ಹೊರೆ ಹೊತ್ತು ಬರಬೇಕು ಅಂದರು, ನಾನು ನಾರಿನ ಹೊರೆ ಹೊತ್ತು ನಿಂತೆ. ಕಾರು ಎದುರಿನಿಂದ ಬರುತ್ತದೆ, ನೀವು ಅದರ ಎಡಗಡೆ ಅಂಚಿನಲ್ಲಿ ಸುಮ್ಮನೆ ನಡೆಯಿರಿ ಅಂದರು. ನಡೆದೆ. ಕಾರು ಬಂಡೆಯ ತಿರುವು ದಾಟಿ ಬಂತು ನೋಡಿ, ಬಂದದ್ದು ನೇರ ನನ್ನ ಮೇಲೇ. ನಾನು ಹಾರಿ ಗದ್ದೆಯ ಬದುವಿಗೆ ಬಿದ್ದೆ, ಹೊರೆ ರಸ್ತೆಯಲ್ಲಿ ಚೆಲ್ಲಿತು. ನಿರ್ದೇಶಕರು ಓಡಿ ಬಂದು, “ಇದೇ, ಇದೇ ಬೇಕಾಗಿತ್ತು!” ಅಂತ ಚಪ್ಪಾಳೆ ತಟ್ಟಿದರು.

ಮನೆಗೆ ಬಂದ ಮೇಲೆ ನಾನು ಅಪ್ಪನ ಮೇಲೆ ಹರಿಹಾಯ್ದೆ. “ಯಪ್ಪಾ, ನನ್ನ ಮ್ಯಾಲ ಹತ್ತಿಸೇ ಬಿಡ್ತಿದ್ದಿ!” ಅವನು ಗಳಿಗೆ ಹೊತ್ತು ನನ್ನ ಮುಖ ನೋಡಿ, ಆಮೇಲೆ ನಕ್ಕ. “ಅದು ಕೈಚಳಕ, ಹುಚ್ಚಿ. ಲಾರಿ ಓಡಿಸಿದ ಕೈ ಇದು. ನಿನಗ ತಾಗಸ್ತೀನೇನು?” ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಗೆಳತಿಯರ ಮುಂದೆ ಹೇಳಿಕೊಳ್ಳಲಾಗದ ಈ ಸುದ್ದಿಯನ್ನು ಅವ್ವನ ಮುಂದೆ ಹತ್ತು ಸಲ ಹೇಳಿ ಹಿಗ್ಗಿದೆ.

ಯುಗಾದಿ ಕಳೆದ ಮೇಲೆ ಒಂದೊಂದೇ ಹೊರಬಿತ್ತು. ಅಪ್ಪ ಎಡಗಡೆ ಇಟ್ಟ ಚಾದ ಲೋಟವನ್ನು ಮೊಣಕೈಯಿಂದ ಬೀಳಿಸತೊಡಗಿದ. ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿಸಿಕೊಂಡು ಚೌಕಟ್ಟಿಗೇ ಬೈಯತೊಡಗಿದ. ಜೀಪಿನ ಎಡಗಡೆಯ ಕನ್ನಡಿ ಹುಲ್ಲಿನ ಟ್ರ್ಯಾಕ್ಟರಿಗೆ ತಾಗಿ ಮುರಿದಾಗ, “ಆ ಮಂಗ್ಯಾ ನಡುರಸ್ತೆಗೆ ನಿಂದ್ರಸಿದ್ದ” ಅಂದ. ಕುಣಿಯಲಾರದವಳಿಗೆ ಅಂಗಳ ಡೊಂಕು ಅಂತಾರಲ್ಲ, ಹಾಗೆ. ನಾನು ಬೆನ್ನು ಹತ್ತಿ ಕೊಪ್ಪಳಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಯಂತ್ರದಲ್ಲಿ ಬಹಳ ಹೊತ್ತು ನೋಡಿ ಹೇಳಿದರು: ನಡುವಿನ ನೋಟ ಚೆನ್ನಾಗಿದೆ, ಎಡ ಪಕ್ಕದ್ದು ಸವೆದು ಹೋಗಿದೆ, ಬಲಗಡೆಯದೂ ಸವೆಯುತ್ತಿದೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಿ. ಗಾಡಿ ಮಾತ್ರ ಓಡಿಸಬೇಡಿ.

ಆಸ್ಪತ್ರೆಯಿಂದ ಹೊರಗೆ ಬಂದವನೇ ಅಪ್ಪ ದೂರದಲ್ಲಿ ಬರುತ್ತಿದ್ದ ಬಸ್ಸಿನ ಬೋರ್ಡು ಓದಿದ. “ಯಲಬುರ್ಗಾ, ಮಾರ್ಗ ಕುಕನೂರು. ಬರೋಬರಿ ಐತೋ ಇಲ್ಲೋ? ನಿನಗ ಕಾಣ್ತೈತೇನು ಇಲ್ಲಿಂದ?” ನನಗೆ ಕಾಣಲಿಲ್ಲ, ನಿಜ. ಬಸ್ಸು ಹತ್ತಿರ ಬಂತು. ಯಲಬುರ್ಗಾದ್ದೇ. “ನೋಡು ಮತ್ತ! ನನ್ನ ಕಣ್ಣು ಹೋಗ್ಯಾವಂತ, ಕಣ್ಣು!” ಅನ್ನುತ್ತ ಎಡಗಡೆ ನಿಂತಿದ್ದ ಸೈಕಲ್ಲಿಗೆ ಕಾಲು ತಾಗಿಸಿ ಅದನ್ನು ಕೆಡವಿದ.

ಅಂದಿನಿಂದ ಮನೆಯಲ್ಲಿ ದಿನವೂ ಜಗಳ. ಆ ಜೀಪಿನಲ್ಲಿ ಊರ ಮಕ್ಕಳು ಕೂರುತ್ತವೆ, ಅವುಗಳ ನಡುವೆ ನನ್ನ ಮಗಳೂ ಕೂರುತ್ತಾಳೆ. ಜೀಪಿನ ಕೀಲಿ ಮುಚ್ಚಿಟ್ಟು ನೋಡಿದೆ. ಅವನು ತಂತಿ ಜೋಡಿಸಿ ಎಂಜಿನ್ ಚಾಲೂ ಮಾಡಿದ. “ದೊಡ್ಡವ್ರೇ ಡಾಕ್ಟರ್ ಮಾತು ಕೇಳಿ ಗಾಡಿ ಬಿಟ್ಟಾರ, ನಿನಗೇನು ಧಾಡಿ?” ಅಂದರೆ, “ಅವ್ರು ಆ್ಯಕ್ಟರು. ನಾ ಡ್ರೈವರು. ಅವ್ರಿಗೆ ಬ್ಯಾರೆ ಕೆಲಸ ಐತಿ” ಅಂದ. ಕೊನೆಗೆ ನಾನು ನಾರಿನ ಕೆಲಸ ಬಿಟ್ಟು ಬೆಳಿಗ್ಗೆ ಸಾಯಂಕಾಲ ಜೀಪಿನ ಎಡಗಡೆ ಸೀಟಿನಲ್ಲಿ ಕೂರತೊಡಗಿದೆ. “ಯಪ್ಪಾ, ಎಡಕ್ಕ ಎಮ್ಮಿ.” “ಕಾಣ್ತೈತಿ.” “ಎಡಕ್ಕ ಸೈಕಲ್.” “ಕಾಣ್ತೈತಿ ಅಂದ್ನೆಲ್ಲ!” ನಾನು ಹೇಳಿದ ಮೇಲೆಯೇ ಅವನಿಗೆ ಎಲ್ಲ ಕಾಣುತ್ತಿತ್ತು.

ಮಕ್ಕಳ ತಾಯಂದಿರಿಗೆ ಹೇಳಿಬಿಡುತ್ತೇನೆ ಎಂದು ಒಂದು ದಿನ ನಾನು ಹೊರಟೇ ಬಿಟ್ಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. “ಊರಾಗ ಹೇಳಿ ಆತನ ಮಾರಿ ಮಣ್ಣು ಮಾಡಬ್ಯಾಡ. ಸೂಟಿ ಮುಗಿಯೂದರಾಗ ನಾ ಒಪ್ಪಸ್ತೀನಿ.” ಬೇಸಿಗೆ ರಜೆ ಮುಗಿಯುತ್ತ ಬಂತು. ಅವ್ವ ಒಪ್ಪಿಸಲಿಲ್ಲ. ಸೋಮವಾರ ಶಾಲೆ ಶುರು, ಅದಕ್ಕಿಂತ ಮುಂಚಿನ ಶುಕ್ರವಾರ ಗಂಗಾವತಿಯಲ್ಲಿ ದೊಡ್ಡವರ ಸಿನಿಮಾ.

ಗುರುವಾರ ಸಾಯಂಕಾಲ ಅಪ್ಪನೇ ಮಾತು ತೆಗೆದ. ಅವನಿಗೆ ಆ ಟಾಕೀಸಿನಲ್ಲಿ ಒಂದು ಹಳೆಯ ರೂಢಿ. ಸಿನಿಮಾ ಬಿಟ್ಟ ಮೇಲೆ ಹೊರಬಾಗಿಲ ಮೆಟ್ಟಿಲಿನ ಮೂಲೆಯಲ್ಲಿ ನಿಂತು, ಇಳಿದು ಹೋಗುವ ಮಂದಿ ಏನು ಮಾತಾಡುತ್ತಾರೆ ಎಂದು ಕೇಳುವುದು. ಯಾರನ್ನೂ ಏನನ್ನೂ ಕೇಳಬಾರದು, ಕಿವಿ ಮಾತ್ರ ಕೊಡಬೇಕು. “ಮೆಟ್ಟಿಲ ಮ್ಯಾಲ ಆಡೋ ಮಾತು ಖರೇ. ಕೆಳಗಿಳದು ಚಾ ಕುಡದ ಮ್ಯಾಲ ಮಂದಿ ಯಾರಿಗೆ ಏನ್ ಬೇಕೋ ಅದನ್ನ ಮಾತಾಡ್ತಾರ” ಅನ್ನುತ್ತಿದ್ದ. ಮ್ಯಾನೇಜರನ ತನಕ ಎಲ್ಲರೂ ಅವನನ್ನು ಕೇಳುತ್ತಿದ್ದರು, ಮೆಟ್ಟಿಲ ಮಾತು ಹೆಂಗೈತಿ ಅಂತ. ಅವನು ಓಡುತ್ತದೆ ಅಂದದ್ದು ಓಡುತ್ತಿತ್ತು, ಮಲಗುತ್ತದೆ ಅಂದದ್ದು ಮಲಗುತ್ತಿತ್ತು. ಬೇರೆ ಯಾರ ಮಾತನ್ನೂ ಕೇಳದ ಅಪ್ಪ ಮೆಟ್ಟಿಲ ಮಾತಿಗೆ ಮಾತ್ರ ತಲೆಬಾಗುತ್ತಿದ್ದ.

“ನಾಳೆ ಮಂದಿ ಮೆಟ್ಟಿಲ ಮ್ಯಾಲ ಡ್ರೈವಿಂಗ್ ಬಗ್ಗಿ ಒಂದ ಒಂದು ಕೆಟ್ಟ ಮಾತು ಆಡಲಿ, ಕೀಲಿ ನಿನ್ನ ಕೈಗೆ ಕೊಡ್ತೀನಿ” ಅಂದ. “ಆಡಲಿಲ್ಲಂದ್ರ ನೀ ಮತ್ತ ಬಾಯಿ ತಗೀಬಾರದು. ಸೋಮವಾರದಿಂದ ನಾನಾತು, ಹುಡುಗ್ರಾತು. ಎಡಗಡೆ ಸೀಟಿನ್ಯಾಗೂ ನೀ ಕೂಡಬಾರದು.”

ಆ ಕೊನೆಯ ಮಾತಿಗೆ ನಾನು ಒಲ್ಲೆ ಅನ್ನಬೇಕಿತ್ತು. ಆದರೆ ಸಿಟ್ಟು ನನಗಿಂತ ಒಂದು ಹೆಜ್ಜೆ ಮುಂದೆ ಓಡುತ್ತದೆ, ಹುಟ್ಟುಗುಣ. “ಆತು, ನಡಿ” ಅಂದುಬಿಟ್ಟೆ. ಈಗಿನ ಹುಡುಗರು ಹೆತ್ತ ತಾಯಿಯ ಅಡಿಗೆಗೂ ಹೆಸರಿಡುತ್ತಾರೆ, ಮುದುಕನ ಡ್ರೈವಿಂಗಿಗೆ ಒಬ್ಬನಾದರೂ ಹೆಸರಿಡದೆ ಇರುತ್ತಾನೆಯೇ ಎಂಬ ಲೆಕ್ಕಾಚಾರ ನನ್ನದು. ಅವ್ವ ಹಣೆ ಬಡಿದುಕೊಂಡಳು. “ಮಕ್ಕಳ ಜೀವ ಇಟ್ಟು ಪಂಥ ಕಟ್ಟಾಕತ್ತೀರೇನು? ಅಪ್ಪಗ ತಕ್ಕ ಮಗಳು!”

ಮರುದಿನ ಮಧ್ಯಾಹ್ನದ ಆಟಕ್ಕೆ ಅಪ್ಪನೂ ನಾನೂ ಹೊರಟೆವು. ಓಡಿಸಿದವನು ಅಪ್ಪನೇ. ಉರಿಬಿಸಿಲು, ಕೊಯ್ಲಾದ ಗದ್ದೆಗಳು, ರಸ್ತೆಯ ಎರಡೂ ಬದಿಗೆ ಹುಲ್ಲಿನ ಬಣವೆ. ನಾನು ಒಂದು ಕೈಯಲ್ಲಿ ಮುಂದಿನ ಹಿಡಿಕೆ ಹಿಡಿದು, ಇನ್ನೊಂದನ್ನು ಹ್ಯಾಂಡ್ ಬ್ರೇಕಿನ ಹತ್ತಿರ ಇಟ್ಟುಕೊಂಡು ಕುಳಿತಿದ್ದೆ. ಗಂಗಾವತಿ ಹತ್ತಿರವಾದಂತೆ ಟ್ರ್ಯಾಕ್ಟರುಗಳು, ಟಂಟಂ ಆಟೊಗಳು, ಬೈಕುಗಳು. “ಎಡಕ್ಕ ಬೈಕ್ ಬಂತು.” “ಕಾಣ್ತೈತಿ.” ಬೈಕಿನವನು ಜೋರಾಗಿ ಹಾರ್ನ್ ಹೊಡೆದು ಚರಂಡಿಯ ಅಂಚಿಗೆ ಸರಿದ. ಹಿಂದೆ ಕುಳಿತಿದ್ದ ಅವನ ಹೆಂಡತಿ ನಮ್ಮ ಏಳು ತಲೆಮಾರಿಗೂ ಬೈದಳು. ಅಪ್ಪ, “ಏನ್ ಮಂದಿ ಐತೋ, ರಸ್ತಾದ ರೀತಿನ ಗೊತ್ತಿಲ್ಲ” ಅಂದ. ನಾನು ಹ್ಯಾಂಡ್ ಬ್ರೇಕನ್ನೇ ಹಿಡಿದು ಕುಳಿತೆ.

ಟಾಕೀಸಿನ ಮುಂದೆ ದೊಡ್ಡವರ ಆಳೆತ್ತರದ ಚಿತ್ರ ನಿಲ್ಲಿಸಿ ಹಾರ ಹಾಕಿದ್ದರು. ಹಳೆಯ ಅಭಿಮಾನಿಗಳು ತಲೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದರು. ಕುಷ್ಟಗಿ ಕಡೆಯಿಂದ ಬೈಕುಗಳಲ್ಲಿ ಬಂದಿದ್ದ ಹುಡುಗರು ತಮ್ಮ ಅಪ್ಪಂದಿರು ಅಭಿಮಾನಿಗಳು ಅಂತ ತಾವೂ ಅಭಿಮಾನಿಗಳಾದವರು, ಕುತ್ತಿಗೆಗೆ ಶಾಲು ಸುತ್ತಿಕೊಂಡು ಜೈಕಾರ ಹಾಕುತ್ತಿದ್ದರು. ಅಪ್ಪನ ಗೆಳೆಯನಾದ ಗೇಟಿನ ಕಾವಲುಗಾರ, “ಬಾರೋ ಮಾರಾಯಾ! ಇವತ್ತು ಮೆಟ್ಟಿಲ ಮಾತು ಕೇಳೇ ಹೋಗ್ಬೇಕು” ಅಂದ. “ಅದಕ್ಕಂತನ ಬಂದೀನಲ್ಲ” ಎಂದು ಅಪ್ಪ ನನ್ನ ಕಡೆ ನೋಡಿ ಕಣ್ಣು ಹೊಡೆದ. ಮೈಯೆಲ್ಲ ಉರಿಯಿತು.

ಸಿನಿಮಾ ಶುರುವಾಯಿತು. ಮೊದಲ ಅರ್ಧ ನನಗೆ ಬಹಳ ಹಿತವಾಗಿತ್ತು, ಯಾಕೆಂದರೆ ಹುಡುಗರಿಗೆ ಹಿತವಾಗಿರಲಿಲ್ಲ. ಮುದುಕ ಕಾರಿನಲ್ಲಿ ಹೋಗುತ್ತಾನೆ, ಇಳಿಯುತ್ತಾನೆ, ಚಾ ಕುಡಿಯುತ್ತಾನೆ, ಮತ್ತೆ ಹೋಗುತ್ತಾನೆ. “ಏ, ಗೇರ್ ಹಾಕ್ರಿ ಯಜಮಾನ್ರ!” ಎಂದು ಒಬ್ಬ ಕೂಗಿದ. “ಫೈಟ್ ಯಾವಾಗ ಐತಿ? ಸೋಮವಾರಕ್ಕೇನು?” ಎಂದ ಇನ್ನೊಬ್ಬ. ನಗೆ ಎದ್ದಿತು. ಬೈಯಿರಪ್ಪಾ, ಇನ್ನೂ ಬೈಯಿರಿ ಎಂದು ನಾನು ಒಳಗೇ ಅವರನ್ನು ಹುರಿದುಂಬಿಸುತ್ತಿದ್ದೆ. ನನ್ನ ಹಿಂದೆ ಕುಳಿತಿದ್ದ ಹೆಂಗಸು ಮಾತ್ರ ಹೊಲಿಗೆ ಮಶೀನು ಕಂಡಾಗಲೆಲ್ಲ ಮೂಗು ಸೇದುತ್ತಿದ್ದಳು.

ಆಮೇಲೆ ನಮ್ಮ ರಸ್ತೆ ಬಂತು. ಎರಡೂ ಕಡೆ ಬಂಡೆಗಳ ಗುಡ್ಡ, ನೀರು ತುಂಬಿದ ಗದ್ದೆಯಲ್ಲಿ ಮುಗಿಲು. “ಏ, ಸಾಣಾಪುರ ರೋಡ್!” ಎಂದು ಇಡೀ ಟಾಕೀಸು ಎದ್ದು ಕೂತಿತು. ಬಂಡೆಗಳ ನಡುವೆ ಕಾರು ಬಳುಕುತ್ತ ಬಂತು. ಅಪ್ಪ ಸೀಟಿನಲ್ಲಿ ಮುಂದಕ್ಕೆ ಸರಿದ. ಅವನ ಬಲಗೈ ತಾನಾಗಿಯೇ ಗೇರು ಹುಡುಕುವಂತೆ, ಎಡಗಾಲು ಕ್ಲಚ್ ತುಳಿಯುವಂತೆ ಆಡುತ್ತಿದ್ದವು. ಅಲ್ಲ, ತಪ್ಪು ಹೇಳಿದೆ. ಗೇರು ಹುಡುಕಿದ್ದು ಎಡಗೈ. ಬಲಗೈ ನನ್ನ ಮೊಣಕೈ ಹಿಡಿದಿತ್ತು.

ತೆರೆಯ ಮೇಲೆ ನಾನು ಬಂದೆ. ಹೊರೆಯ ಕೆಳಗೆ ಮುಖ ಅರ್ಧ ಮುಚ್ಚಿತ್ತು, ಗುರುತು ಹಿಡಿಯುವಂತಿರಲಿಲ್ಲ. ಕಾರು ತಿರುವು ದಾಟಿತು. ಕ್ಯಾಮೆರಾ ಎದುರಿಗಿತ್ತು, ಗಾಜಿನಾಚೆ ಟೋಪಿ, ಕಪ್ಪು ಕನ್ನಡಕ. ಕಾರು ಬಂತು, ಬಂತು, ನಾನು ಹಾರಿದೆ, ಹೊರೆ ಚೆಲ್ಲಿತು, ಕಾರು ಹೋಯಿತು. ಟಾಕೀಸು ಹುಚ್ಚೆದ್ದಿತು. ಸೀಟಿ, ಚಪ್ಪಾಳೆ, ಹರಿದ ಕಾಗದದ ಚೂರುಗಳು. ಇಷ್ಟು ಹೊತ್ತು ಆಕಳಿಸುತ್ತಿದ್ದ ಹುಡುಗರು ಸೀಟಿನ ಮೇಲೆ ಹತ್ತಿ ನಿಂತರು. “ಏನ್ ಕಟ್ ಹೊಡದಾರಲೇ! ಈ ವಯಸ್ಸಿನ್ಯಾಗ!”

ನಾನು ಮಾತ್ರ ಕುಳಿತೇ ಇದ್ದೆ. ಅವತ್ತು ನಾನು ಅಂಜಿ ಹಾರಿದವಳು, ಏನನ್ನೂ ಸರಿಯಾಗಿ ನೋಡಿರಲಿಲ್ಲ. ಇವತ್ತು ನೋಡಿದೆ. ಕಾರು ಯಾವ ಕಟ್ಟೂ ಹೊಡೆದಿರಲಿಲ್ಲ. ಹಗ್ಗ ಹಿಡಿದು ಎಳೆದ ಹಾಗೆ ನೇರ ಬಂದಿತ್ತು. ಒಂದು ಬೆರಳಿನಷ್ಟೂ ಬಲಕ್ಕೆ ಸರಿದಿರಲಿಲ್ಲ, ಬ್ರೇಕು ತುಳಿದಿರಲಿಲ್ಲ. ಸರಿದವಳು ನಾನು. ಟೋಪಿ ಹಾಕಿದ ಆ ತಲೆ ನನ್ನ ಕಡೆ ತಿರುಗಿಯೂ ಇರಲಿಲ್ಲ. ಕೈಚಳಕವಂತೆ! ನಾನು ಹಾರದಿದ್ದರೆ ಇವತ್ತು ನನ್ನ ಮಗಳು ತಾಯಿಯಿಲ್ಲದವಳು. ಪಕ್ಕಕ್ಕೆ ನೋಡಿದೆ. ಅಪ್ಪ ಸೀಟಿ ಹೊಡೆಯಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ನನ್ನ ಮೊಣಕೈ ಹಿಡಿದಿದ್ದ ಕೈಯನ್ನು ಬಿಡಲೂ ಇಲ್ಲ. ಆಮೇಲೆ ಹೊಲಿಗೆ ಮಶೀನು ಯಾರ ಮನೆ ಸೇರಿತೋ ನನಗೆ ತಿಳಿಯದು. ಅವನಿಗೂ ತಿಳಿದಿರಲಿಕ್ಕಿಲ್ಲ.

ಆಟ ಬಿಟ್ಟಿತು. ಅಪ್ಪ ಹೋಗಿ ಮೆಟ್ಟಿಲಿನ ಮೂಲೆಯಲ್ಲಿ ತನ್ನ ಜಾಗದಲ್ಲಿ ನಿಂತ. ನಾನು ಅವನ ಎಡಕ್ಕೆ ನಿಂತೆ, ಅಭ್ಯಾಸಬಲ. ಮಂದಿ ಇಳಿಯತೊಡಗಿದರು.

“ಭಾಳ ಎಳದಾರ. ನನಗಂತೂ ನಿದ್ದಿನ ಬಂದಿತ್ತು. ಆ ಸಾಣಾಪುರ ಸೀನಿನ್ಯಾಗ ಎಚ್ಚರಾತು ನೋಡು!”

“ನಮ್ಮವ್ವನೂ ಹಿಂಗ ಮಂದಿ ಸಾಮಾನು ತಂದು ಇಟ್ಕೊಂಡಾಳ. ಮನಿಗೆ ಹೋಗಿ ಮೊದಲ ವಾಪಸ್ ಕೊಡ್ಬೇಕು.”

“ಕತಿ ಏನೂ ಇಲ್ಲ ಬಿಡ್ರಿ. ಆದ್ರ ಡ್ರೈವಿಂಗ್ ಮಾತ್ರ ಭೇಷ್. ಅದೊಂದಕ್ಕ ಬಂದಿದ್ದು ಸಾರ್ಥಕ ಆತು.”

“ಡ್ಯೂಪ್ ಇರಬೇಕಲೇ.” “ಬಾಯಾಗ ಹುಳ ಬೀಳ್ತಾವ ನಿನಗ! ಆ ಭುಜ ನೋಡಿದ್ರ ಗೊತ್ತಾಗಂಗಿಲ್ಲೇನು? ಅವ್ರೇ!”

ಸಿನಿಮಾ ಬೈದವರಿದ್ದರು, ಹಾಡಿಲ್ಲ ಅಂದವರಿದ್ದರು, ದೊಡ್ಡವರಿಗೆ ವಯಸ್ಸಾಯಿತು, ಮನೆಯಲ್ಲಿ ಕೂರಲಿ ಅಂದವನೂ ಒಬ್ಬನಿದ್ದ. ಅವನ ಹಿಂದೆ ಆಸೆಯಿಂದ ಕಿವಿ ಹಾಯಿಸಿದೆ. ಆ ಪಾಪಿಯೂ ಕೊನೆಯ ಮೆಟ್ಟಿಲಲ್ಲಿ, “ಆದ್ರ ಗಾಡಿ ಮ್ಯಾಲ ಕೈ ಕುಂತೈತಿ, ಸುಳ್ಳು ಹೇಳಬಾರದು” ಅಂದ. ಒಬ್ಬರೂ, ದೇವರಾಣೆಗೂ ಒಬ್ಬರೂ ಡ್ರೈವಿಂಗಿಗೆ ಹೆಸರಿಡಲಿಲ್ಲ. ಮೆಟ್ಟಿಲು ಖಾಲಿಯಾಗುತ್ತ ಬಂತು. ಪಂಥ ಸೋತಿದ್ದೆ. ಸೋಮವಾರ ಆ ಜೀಪಿನ ಎಡಗಡೆ ಸೀಟು ಖಾಲಿ ಇರುತ್ತದೆ, ಹಿಂದೆ ನನ್ನ ಮಗಳು ಕೂತಿರುತ್ತಾಳೆ.

ಆಗ ಅಪ್ಪ ತನ್ನ ರೂಢಿ ಮುರಿದ. ಮೆಟ್ಟಿಲ ಮೇಲೆ ಯಾವತ್ತೂ ಬಾಯಿ ಬಿಡದವನು ಶಾಲು ಸುತ್ತಿಕೊಂಡ ಹುಡುಗನೊಬ್ಬನನ್ನು ತಡೆದ. “ತಮ್ಮಾ, ಆ ಹೊರಿ ಹೊತ್ತ ಹೆಣ್ಮಗಳು ಡ್ರೈವರಗ ಕಾಣ್ತಿದ್ಲೇನು?”

ಹುಡುಗ ನಕ್ಕ. “ಎಂಥಾ ಮಾತು ಕೇಳ್ತಿ ಅಜ್ಜಾ! ಅಷ್ಟು ದೂರಿಂದ ಎದುರಿಗೆ ಬರಾಕತ್ತಾಳ. ಕುರುಡಗೂ ಕಾಣ್ತಾಳ.”

ಅಪ್ಪ ತಲೆ ಅಲ್ಲಾಡಿಸಿದ. ಅಷ್ಟರಲ್ಲಿ ಮೊಬೈಲಿಗೆ ಮೈಕು ಸಿಕ್ಕಿಸಿಕೊಂಡು ಎಲ್ಲರ ಅಭಿಪ್ರಾಯ ಕೇಳುತ್ತಿದ್ದ ಯೂಟ್ಯೂಬಿನವನೊಬ್ಬ ಅವನ ಮುಂದೆ ಬಂದು ನಿಂತ. “ಹಿರಿಯರು ಅದೀರಿ, ಹಳೇ ಅಭಿಮಾನಿ ಇದ್ದಂಗ ಕಾಣ್ತೀರಿ. ಹೇಳ್ರಿ ಅಜ್ಜಾ, ಸಿನಿಮಾ ಹೆಂಗೈತಿ?”

ಹುಡುಗರೆಲ್ಲ ಸುತ್ತ ನೆರೆದು ಜೈಕಾರಕ್ಕೆ ಕೈ ಎತ್ತಿದರು. ಅಪ್ಪ ಮೈಕನ್ನು ನೋಡಿದ, ಆಮೇಲೆ ಕುತ್ತಿಗೆಯನ್ನೇ ಪೂರ್ತಿ ತಿರುಗಿಸಿ ಎಡಕ್ಕೆ ನಿಂತಿದ್ದ ನನ್ನನ್ನು ನೋಡಿದ.

“ಸಿನಿಮಾ ಛಲೋ ಐತಿ. ದೊಡ್ಡವ್ರು ಛಲೋ ಮಾಡ್ಯಾರ. ಡ್ರೈವಿಂಗ್ ಛಲೋ ಇಲ್ಲ.”

ಎತ್ತಿದ್ದ ಕೈಗಳು ಹಾಗೇ ನಿಂತವು. “ಏನಂದ್ರಿ?”

“ಆ ಸಾಣಾಪುರ ರಸ್ತಾದಾಗ ಡ್ರೈವರ್ ಕಟ್ ಹೊಡದಿಲ್ಲ. ಆಂವಗ ಆ ಹೆಣ್ಮಗಳು ಕಂಡೇ ಇಲ್ಲ. ಆಕಿ ಪುಣ್ಯಾ, ಆಕಿನ ಹಾರಿ ಉಳದಾಳ. ಅಂಥಾವ ಗಾಡಿ ಮುಟ್ಟಬಾರದು.”

ಎಲ್ಲರೂ ಒಟ್ಟಿಗೇ ಕೂಗಿದರು. “ಏ ಮುದುಕಾ, ಯಾರ ಬಗ್ಗಿ ಮಾತಾಡಾಕತ್ತಿ ಗೊತ್ತೈತೇನು?” “ರೊಕ್ಕಾ ತಿಂದು ಬಂದಾನಲೇ, ಆ ಕಡೆ ಹೀರೋನ ಪಾರ್ಟಿ ಇಂವ!” “ಸೈಕಲ್ ತುಳಿಯಾಕರ ಬರ್ತೈತೇನ್ ನಿನಗ? ದೊಡ್ಡವ್ರ ಡ್ರೈವಿಂಗಿಗೆ ಹೆಸರಿಡ್ತಿ!” ಒಬ್ಬ ಅಪ್ಪನ ಅಂಗಿಯ ಎದೆಗೆ ಕೈ ಹಾಕಿದ. ಇನ್ನೊಬ್ಬ ಹೆಗಲ ಮೇಲಿನ ಟವೆಲ್ ಎಳೆದು ಮೆಟ್ಟಿಲ ಕೆಳಗೆ ಎಸೆದ. ಅಪ್ಪ ತಡಬಡಿಸಿ ಗೋಡೆಗೆ ಆತುಕೊಂಡ.

ನನ್ನ ತಲೆ ಕೆಟ್ಟುಹೋಯಿತು. “ಕೈ ತಗೀಲೇ ಬಾಡ್ಯಾ!” ಎಂದು ನಡುವೆ ನುಗ್ಗಿ ಆ ಕೈಯನ್ನು ಕಿತ್ತೊಗೆದೆ. “ನೀವು ಸೀಟಿ ಹೊಡದಿರಲ್ಲ, ಅದು ಯಾರಿಗಂತ ಗೊತ್ತೈತೇನ್ ನಿಮಗ? ಅಲ್ಲಿ ಕಾರಿನ್ಯಾಗ ಇದ್ದಾಂವ...”

ಮಣಿಕಟ್ಟನ್ನು ಯಾರೋ ಇಕ್ಕಳದಂತೆ ಹಿಡಿದರು. ಅಪ್ಪ. “ಬಾಯಿ ಮುಚ್ಚವ್ವ. ಮಾತು ಕೊಟ್ಟೀನಿ.” ಅಷ್ಟು ಮೆಲ್ಲಗೆ ಹೇಳಿದ, ಆ ಗದ್ದಲದಲ್ಲಿ ನನಗೊಬ್ಬಳಿಗೇ ಕೇಳಿತು. ನಾಲಗೆಯ ತುದಿಗೆ ಬಂದದ್ದನ್ನು ನಾನು ನುಂಗಿದೆ. ಜೀವನದಲ್ಲಿ ನಾನು ನುಂಗಿದ ಮಾತು ಅದೊಂದೇ ಇರಬೇಕು.

ಗೇಟಿನ ಕಾವಲುಗಾರ ಬೆತ್ತ ಹಿಡಿದು ಓಡಿ ಬಂದ. “ಏ, ನೀವು ಹುಟ್ಟಾಕಿಂತ ಮೊದಲ ಇಂವ ದೊಡ್ಡವ್ರ ಅಭಿಮಾನಿ! ಹೋಗ್ರಲೇ ಮನಿಗೆ!” ಎಂದು ಹುಡುಗರನ್ನು ಚದುರಿಸಿದ. ಅವರು ಬೈಯುತ್ತಲೇ ಬೈಕು ಹತ್ತಿದರು. ಕಾವಲುಗಾರ ಟವೆಲ್ ಎತ್ತಿ ಕೊಡವಿ ಅಪ್ಪನ ಕೈಗೆ ಕೊಟ್ಟು, “ನಿನಗೇನಾತೋ? ದೊಡ್ಡವ್ರ ಬಗ್ಗಿ ನಿನ್ನ ಬಾಯಾಗ ಇಂಥಾ ಮಾತು?” ಅಂದ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಇತ್ತು. ಬದುಕಿನುದ್ದದ ಗೆಳೆತನ, ಅದಕ್ಕಾಗಿಯೂ ಅಪ್ಪ ಕೊಟ್ಟ ಮಾತು ಮುರಿಯಲಿಲ್ಲ.

ಟವೆಲ್ ಹೆಗಲ ಮೇಲೆ ಹಾಕಿಕೊಂಡು ಅಪ್ಪ ಅಂಗಿಯ ಜೇಬಿನಿಂದ ಕೀಲಿ ತೆಗೆದು ನನ್ನ ಮುಂದೆ ಹಿಡಿದ.

“ತಗೋ.”

“ಯಾಕಪ್ಪಾ, ಯಾರೂ ಕೆಟ್ಟದ್ದು ಅನ್ನಲಿಲ್ಲಲ್ಲ” ಅಂದೆ. ಯಾಕೆ ಹಾಗೆ ಅಂದೆನೋ, ನನಗೇ ಗೊತ್ತಿಲ್ಲ. ಇಷ್ಟು ದಿನ ಅದೇ ಕೀಲಿಗಾಗಿ ಕಿತ್ತಾಡಿದವಳು.

“ನಾ ಅಂದ್ನೆಲ್ಲ. ಮೆಟ್ಟಿಲ ಮ್ಯಾಲ ನಿಂತ ಅಂದೀನಿ. ಒಂದು ಮಾತು ಸಾಕು ಅಂತ ಆಗಿತ್ತು.” ಮತ್ತೆ ಅಂದ: “ಅವತ್ತ ನೀ ಜಗಳ ತಗದಾಗ ಹ್ಞೂಂ, ಹತ್ತಿರದಿಂದ ಹೋಗಿರಬೇಕು ಅನ್ಕೊಂಡೆ. ಕೈಚಳಕ ಅಂತ ಸುಳ್ಳ ಹೇಳಿದೆ. ಇಷ್ಟ ಹತ್ತಿರ ಅಂತ ಇವತ್ತ ನೋಡಿದೆ. ಯವ್ವಾ, ನನ್ನ ಪಾಲಿಗೆ ಆ ರಸ್ತಾದಾಗ ಯಾರೂ ಇದ್ದಿದ್ದಿಲ್ಲ.”

ಗೆದ್ದ ಖುಷಿ ಎಲ್ಲಿಂದ ಬರಬೇಕು? ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಕೀಲಿ ತೆಗೆದುಕೊಂಡೆ. ಅದು ಅವನ ಮೈಯ ಬಿಸಿಗೆ ಬೆಚ್ಚಗಿತ್ತು.

ಜೀಪಿನ ಹತ್ತಿರ ಹೋದೆವು. ಅಪ್ಪ ಅಭ್ಯಾಸದಂತೆ ಬಲಗಡೆಗೆ ಹೋಗಿ ಬಾಗಿಲಿಗೆ ಕೈ ಹಾಕಿದ, ನಿಂತ, ಕೈ ತೆಗೆದ. ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಸುತ್ತು ಬಂದು ಎಡಗಡೆ ಹತ್ತಿದ. ಆ ಸೀಟಿನಲ್ಲಿ ಅವನನ್ನು ನಾನು ಯಾವತ್ತೂ ನೋಡಿರಲಿಲ್ಲ. ಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಮುದುಡಿಕೊಂಡು ಕುಳಿತ. ನಾನು ಸ್ಟಿಯರಿಂಗ್ ಹಿಡಿದೆ. ಕೊಯ್ದ ಗದ್ದೆಗಳಲ್ಲಿ ಬೈದು ಬೈದು ಗಾಡಿ ಕಲಿಸಿದವನು ಅವನೇ. ಲೈಸೆನ್ಸನ್ನೂ ಅವನೇ ಮಾಡಿಸಿಕೊಟ್ಟಿದ್ದ. ಆದರೆ ತಾನಿರುವಾಗ ರಸ್ತೆಯ ಮೇಲೆ ಒಮ್ಮೆಯೂ ಬಿಟ್ಟುಕೊಟ್ಟಿರಲಿಲ್ಲ.

ಟಾಕೀಸಿನ ಅಂಗಳದಿಂದ ಹಿಂದಕ್ಕೆ ತೆಗೆದು ರಸ್ತೆಗೆ ತಿರುಗಿಸಬೇಕಿತ್ತು. ಸಂಜೆಯ ಗದ್ದಲ, ಬೈಕುಗಳು, ತಳ್ಳುಗಾಡಿಗಳು. ಅಪ್ಪ ಲಾರಿ ಓಡಿಸುವಾಗ ಎಡಗಡೆ ಕುಳಿತವನ ಕೆಲಸವೇ ಅದು, ಹೊರಗೆ ನೋಡಿ ‘ಬರ್ಲಿ, ಬರ್ಲಿ’ ಅನ್ನುವುದು. ಆ ರೂಢಿಯ ಮೇಲೆಯೇ ನಾನು, “ಯಪ್ಪಾ, ಎಡಕ್ಕ ಯಾರರ ಅದಾರೇನು ನೋಡು” ಅಂದೆ.

ಅವನು ಕಿಟಕಿಯಾಚೆ ತಿರುಗಿದ. ಬಹಳ ಹೊತ್ತು ನೋಡಿದ. ‘ಕಾಣ್ತೈತಿ’ ಅನ್ನುವ ಆ ಮಾತಿಗಾಗಿ ನಾನು ಕಾಯುತ್ತಿದ್ದೆ.

“ಎಡಕ್ಕೂ ನೀನ ನೋಡ್ಕೋ ಮಗಳ. ನನಗ ಕಾಣಂಗಿಲ್ಲ.”

ನಾನು ಬ್ರೇಕು ತುಳಿದು ಹಿಡಿದು, ಸೀಟಿನಿಂದ ಅರ್ಧ ಎದ್ದು, ಅವನ ಎದೆಯ ಮೇಲಿನಿಂದ ಬಾಗಿ ಎಡಕ್ಕೆ ನೋಡಿದೆ. ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಜೀಪಿಗೆ ಅಂಟಿಕೊಂಡೇ ನಿಂತಿದ್ದಳು. ಆಕೆ ದಾಟಿ ಹೋಗುವ ತನಕ ನಿಂತು, ಆಮೇಲೆ ಗೇರು ಹಾಕಿದೆ.